ನಾಲ್ಕನೆಯ ಊರು

ಮೇಡಂ ಅವರ ಚಿನ್ನದ ಬಳೆಗಳು ಅವರ ಕೈಗೆ ದೊಡ್ಡವು. ಕೈ ಇಳಿಬಿಟ್ಟರೆ ಜಾರಿ ಹೆಬ್ಬೆರಳ ಬುಡಕ್ಕೆ ಬಂದು ನಿಲ್ಲುತ್ತಿದ್ದವು, ಮೇಲೆತ್ತಿದರೆ ಮೊಣಕೈವರೆಗೆ ಓಡುತ್ತಿದ್ದವು. ಕಂಪ್ಯೂಟರ್ ಸರ್ವರಿನ ಹಿಂದೆ ಕೈ ಹಾಕುವ ಮೊದಲು ಅವರು ಬಳೆಗಳನ್ನು ಮೇಲಕ್ಕೆ ತಳ್ಳಿ, ತಂತಿಗಳನ್ನು ಒಟ್ಟುಗೂಡಿಸಿ ಕಟ್ಟುವ ಕಪ್ಪು ಪಟ್ಟಿಯೊಂದನ್ನು ಅವುಗಳ ಮೇಲೆ ಸುತ್ತಿ ಬಿಗಿಯುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಬಾಯಿ ತಡೆಯಲಾರದೆ ಕೇಳಿಬಿಟ್ಟೆ, "ಅಳ್ತೆ ಕೊಟ್ಟು ಮಾಡಿಸ್ಬೋದಿತ್ತಲ್ಲ ಮೇಡಂ?"

"ಅಳತಿ ಕೊಟ್ಟೇ ಮಾಡಿಸ್ಯಾರಮ್ಮ" ಎಂದು ಅವರು ನಕ್ಕರು. ಅಳತೆ ಕೊಟ್ಟು ಮಾಡಿಸಿದ ಬಳೆ ಹೀಗೆ ಯಾಕಿರುತ್ತದೆ ಎಂದು ನನಗೆ ಹೊಳೆಯಲಿಲ್ಲ. ರಾಯದುರ್ಗದ ಅಕ್ಕಸಾಲಿಗಳ ಮೇಲೆ ತಪ್ಪು ಹೊರಿಸಿ ಸುಮ್ಮನಾದೆ.

ನಮ್ಮ ಕಾಲೇಜಿನಲ್ಲಿ ಮೇಡಂಗಳಿಗೆ ಬರವಿರಲಿಲ್ಲ. ಕನ್ನಡದ ಮೇಡಂ, ಲೆಕ್ಕದ ಮೇಡಂ, ಫೀಜಿನ ಕೌಂಟರಿನ ಮೇಡಂ. ಆದರೆ ಹಿಂದುಮುಂದು ಏನೂ ಸೇರಿಸದೆ ಬರೀ ಮೇಡಂ ಎಂದರೆ ಇವರೊಬ್ಬರೇ. ಕಾಲೇಜಿನ ಕಂಪ್ಯೂಟರುಗಳು, ಅವುಗಳಿಗೆ ನೆಟ್ ಹಂಚುವ ಸರ್ವರು, ಆ ಸರ್ವರಿದ್ದ ತಣ್ಣನೆಯ ಕೋಣೆ ಎಲ್ಲ ಇವರ ವಶದಲ್ಲಿತ್ತು. ನಾನು ಪಕ್ಕದ ಲ್ಯಾಬಿನಲ್ಲಿ ಹುಡುಗರಿಗೆ ಕಲಿಸುವವಳು. ನನ್ನ ಊರು ಮಡಕಶಿರದ ಕಡೆ, ಅಮರಾಪುರದ ಹತ್ತಿರ. ಅವರ ತವರೂ ಆ ಕಡೆಯದೇ ಎಂದು ಮೊದಲ ದಿನವೇ ಹೇಳಿದ್ದರು. ಆದರೆ ಮಾತಿನಲ್ಲಿ ಅದರ ಸುಳಿವೇ ಇರಲಿಲ್ಲ. ಎಲ್ಲರ ಜೊತೆ ರಾಯದುರ್ಗದವರ ಹಾಗೆಯೇ "ಹೌದ್ರಿ", "ಬರ್ರಿ", "ಯಾಕ ಬಂದಿಲ್ರಿ" ಎನ್ನುತ್ತಿದ್ದರು. ಸೊಸೆಯಾಗಿ ಬಂದವರು ಗಂಡನ ಮನೆಯ ಅಡುಗೆಯ ರುಚಿ ಕಲಿಯುವ ಹಾಗೆ ಮಾತನ್ನೂ ಕಲಿತಿರಬೇಕು ಎಂದುಕೊಂಡಿದ್ದೆ.

ನಾನು ಸೇರಿ ತಿಂಗಳೊಪ್ಪತ್ತಿನಲ್ಲಿ ಒಂದು ರಾದ್ಧಾಂತವಾಯಿತು. ಹಿಂದಿನ ಸಂಜೆ ಕರೆಂಟು ಹೋಗಿ ಬಂದು ಸರ್ವರು ತಾನಾಗಿ ನಿಂತು ತಾನಾಗಿ ಎದ್ದಿತ್ತು. ಬೆಳಗ್ಗೆ ನೋಡಿದರೆ ಪರೀಕ್ಷೆಯ ಆಫೀಸಿನಲ್ಲಿ ಹಾಲ್ ಟಿಕೆಟ್ ತೆರೆಯುತ್ತಿಲ್ಲ. ಅತ್ತ ಹುಡುಗರ ಹಾಸ್ಟೆಲಿನಲ್ಲಿ ಯಾವತ್ತೂ ಕಾಣದ ವೇಗದಲ್ಲಿ ಸಿನಿಮಾ ಓಡುತ್ತಿದೆ. ಹಾಸ್ಟೆಲಿನವರು ಯಾರೂ ದೂರು ಕೊಡಲಿಲ್ಲ ಎನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಮೇಡಂ ನನ್ನನ್ನು ಸರ್ವರಿನ ಹಿಂದಕ್ಕೆ ಕರೆದುಕೊಂಡು ಹೋದರು. ಅದರ ಬೆನ್ನಿಗೆ ನಾಲ್ಕು ನೆಟ್‌ವರ್ಕ್ ಕಾರ್ಡುಗಳು, ಪ್ರತಿಯೊಂದಕ್ಕೂ ತಂತಿ ಸಿಕ್ಕಿಸುವ ಒಂದು ಪೋರ್ಟು. ಯಂತ್ರ ಏಳುವಾಗ ಅದರೊಳಗಿನ ಡ್ರೈವರು, ಅಂದರೆ ಕಾರ್ಡಿಗೂ ಯಂತ್ರಕ್ಕೂ ನಡುವೆ ಮಾತು ನಡೆಸುವ ಪ್ರೋಗ್ರಾಮು, ಒಂದೊಂದೇ ಪೋರ್ಟನ್ನು ಗುರುತು ಹಿಡಿಯುತ್ತದೆ. ಹಾಗೆ ಸಿಕ್ಕ ಸಾಲಿನಲ್ಲೇ ಅವುಗಳಿಗೆ ಹೆಸರು ಬೀಳುತ್ತದೆ. ಮೊದಲು ಸಿಕ್ಕಿದ್ದು ಸೊನ್ನೆ, ಆಮೇಲಿನದು ಒಂದು, ಅದರ ಮೇಲಿನದು ಎರಡು. ಆದರೆ ಪ್ರತಿಸಲವೂ ಅದೇ ಸಾಲಿನಲ್ಲಿ ಸಿಗಬೇಕೆಂಬ ಕಟ್ಟುಪಾಡು ಇಲ್ಲ. ಆ ಸಂಜೆ ಹಾಸ್ಟೆಲಿನ ಕಾರ್ಡು ಮೊದಲು ಎದ್ದು ಆಫೀಸಿನ ಹೆಸರನ್ನು ಹೊತ್ತುಕೊಂಡುಬಿಟ್ಟಿತ್ತು.

"ಮುಂಜಾನಿ ಮೊದಲು ಎದ್ದವನೇ ದೊಡ್ಡಪ್ಪ, ಆಮ್ಯಾಲೆ ಎದ್ದವನು ಚಿಕ್ಕಪ್ಪ ಅಂದಂಗಾತು" ಎಂದರು ಮೇಡಂ. "ಮನಿ ಮಂದಿ ಇದ್ದಂಗೇ ಇರ್ತಾರ. ಕರದ್ರ ಬ್ಯಾರೇದವರು ಓಗೊಡ್ತಾರ."

ಇದಕ್ಕೆ ಮದ್ದು ಇಲ್ಲದಿರಲಿಲ್ಲ. ಸರ್ವರು ಮಾರಿದ ಕಂಪನಿಯ ಹುಡುಗ ಅನಂತಪುರದಿಂದ ಬಂದು, ಕಾರ್ಡು ಕೂತ ಜಾಗದ ಮೇಲೆ ಹೆಸರಿಟ್ಟರೆ ಮುಗಿಯಿತು ಎಂದ. ಎಡಗಡೆಯ ಮೊದಲ ಗೂಡಿನಲ್ಲಿ ಯಾವ ಕಾರ್ಡು ಕೂತರೂ ಅದರ ಹೆಸರು ಆಫೀಸು. ಕಾರ್ಡು ಸುಟ್ಟುಹೋದರೆ ಬೇರೊಂದನ್ನು ಅಲ್ಲಿ ಕೂರಿಸಿ, ಅದೂ ಅದೇ ಹೆಸರಿಗೆ ಓಗೊಡುತ್ತದೆ, ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಕೇಳಲು ಚೆನ್ನಾಗಿಯೇ ಇತ್ತು. ನಾನು ತಲೆಯಾಡಿಸುತ್ತಿದ್ದೆ. ಮೇಡಂ ಇದ್ದಕ್ಕಿದ್ದ ಹಾಗೆ ಸಿಟ್ಟಾದರು.

"ಜಾಗಕ್ಕ ಹೆಸರಿಡಬ್ಯಾಡ್ರಿ. ಕುಂತ ಜಾಗ ನೋಡಿ ಹೆಸರಿಡೋದು ಒಂದು ರೀತಿ ಏನ್ರಿ?"

ಹುಡುಗ ತಬ್ಬಿಬ್ಬಾದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಲೋಕವೆಲ್ಲ ಹಾಗೆಯೇ ಮಾಡುತ್ತದೆ. ಮೇಡಂ ಅವನಿಗೆ ಚಹ ತರಿಸಿ ಕಳುಹಿಸಿಕೊಟ್ಟು, ತಾವೇ ಕೂತು ತಮಗೆ ಬೇಕಾದ ಹಾಗೆ ಬರೆದರು. ಪ್ರತಿ ಕಾರ್ಡಿನ ಮೇಲೂ ತಯಾರಾಗುವಾಗಲೇ ಒಂದು ಸಂಖ್ಯೆ ಅಚ್ಚಾಗಿರುತ್ತದೆ, ಅದು ಇನ್ನೊಂದಕ್ಕೆ ಇರುವುದಿಲ್ಲ. ಇವರು ಹೆಸರನ್ನು ಆ ಸಂಖ್ಯೆಗೆ ಕಟ್ಟಿದರು. ಎಷ್ಟನೆಯದಾಗಿ ಎದ್ದರೂ ಸರಿ, ಯಾವ ಗೂಡಿಗೆ ತಳ್ಳಿದರೂ ಸರಿ, ಆ ಕಾರ್ಡಿಗೆ ಆ ಹೆಸರು. "ನಮ್ಮಪ್ಪಗ ಕುರಿ ಇದ್ದವು. ಹಟ್ಟಿಯಾಗ ಯಾವ ಮೂಲಿಗೆ ನಿಂತ್ರೂ ಕರಿಕಿವಿ ಅಂದ್ರ ಕರಿಕಿವಿನೇ" ಎಂದು ಕೀಲಿಮಣೆ ಕುಟ್ಟುತ್ತ ಹೇಳಿದರು.

ಹೆಸರುಗಳಿಗೆ ಊರುಗಳನ್ನು ಆರಿಸಿಕೊಂಡರು. ಹುಡುಗರ ಹಾಸ್ಟೆಲಿನದು ನೇಮಕಲ್ಲು. ಬ್ರಹ್ಮಚಾರಿಗಳಿಗೆ ಆಂಜನೇಯನ ಊರೇ ಸರಿ ಎಂದು ಅವರ ವಾದ. ಪರೀಕ್ಷೆಯ ಆಫೀಸು ಹೇಮಾವತಿ, ಯಾಕೆಂದರೆ ಅಲ್ಲಿಯ ಗುಡಿಯಲ್ಲಿ ಕೂತಿರುವ ಸಿದ್ದೇಶ್ವರನ ಹಾಗೆ ನಮ್ಮ ಆಫೀಸಿನವರೂ ಕೂತಲ್ಲಿಂದ ಏಳುವುದಿಲ್ಲ. ನನ್ನ ಲ್ಯಾಬಿಗೆ ಅಮರಾಪುರ, ಅದು ನನ್ನನ್ನು ಕಿಚಾಯಿಸಲು. ಹೊರಗಿನಿಂದ ಇಡೀ ಕಾಲೇಜಿಗೆ ನೆಟ್ ತರುವ ನಾಲ್ಕನೆಯ ಪೋರ್ಟಿಗೆ ಅವರು ಇಟ್ಟ ಊರಿನ ಹೆಸರನ್ನು ಮಾತ್ರ ನಾನು ಅದುವರೆಗೆ ಎಲ್ಲೂ ಕೇಳಿರಲಿಲ್ಲ.

"ಇದು ಯಾವ ಮಂಡಲದಾಗೆ ಬತ್ತದೆ ಮೇಡಂ?"

"ಈಗ ಯಾವ ಮಂಡಲದಾಗೂ ಇಲ್ಲಮ್ಮ."

"ಡ್ಯಾಮಿನಾಗೆ ಮುಳುಗೋಯ್ತಾ?"

"ಹಂಗೇ ಅನ್ಕೋ" ಎಂದು ಅವರು ಬಳೆಯ ಮೇಲಿನ ಪಟ್ಟಿ ಬಿಚ್ಚಿ ಎದ್ದರು.

ಆಮೇಲೆ ಆ ಹೆಸರುಗಳು ಕಾಲೇಜಿನ ಮಾತಿನಲ್ಲಿ ಬೆರೆತುಹೋದವು. ಹೊಸದಾಗಿ ಬಂದ ಪ್ರಿನ್ಸಿಪಾಲರು ಒಂದು ದಿನ ಪರದೆಯ ಮೇಲೆ ಹೇಮಾವತಿ ಡೌನ್ ಎಂದು ಬಂದದ್ದನ್ನು ನೋಡಿ ಗಾಬರಿಯಾಗಿ ಓಡಿ ಬಂದರು. "ಎವರಮ್ಮ ಈ ಹೇಮಾವತಿ? ಯಾವ ಬ್ರಾಂಚು? ಆಸ್ಪತ್ರೆಗೆ ತಕ್ಕೊಂಡು ಹೋದ್ರಾ?" ಎಂದು ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಕೇಳಿದರು. ಅದು ಹುಡುಗಿಯಲ್ಲ, ಊರು ಎಂದು ತಿಳಿಹೇಳುವ ಹೊತ್ತಿಗೆ ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು.

ನಾಲ್ಕನೆಯದು ಬಿದ್ದರೆ ಮಾತ್ರ ನಗುವಿರಲಿಲ್ಲ, ಕಾಲೇಜೇ ನಿಂತುಬಿಡುತ್ತಿತ್ತು. ಅಟೆಂಡರು ಬಾಗಿಲಲ್ಲಿ ನಿಂತು ಆ ನಾಲ್ಕನೆಯ ಊರಿನ ಹೆಸರನ್ನು ಗಟ್ಟಿಯಾಗಿ ಕೂಗಿ, "ಬಿದ್ದೈತಂತ್ರಿ ಮೇಡಂ" ಎನ್ನುತ್ತಿದ್ದ. ಮೇಡಂ ಎಲ್ಲಿದ್ದರೂ, ಊಟದ ಡಬ್ಬಿ ಮುಂದಿದ್ದರೂ, "ಬಂದೆ, ಬಂದೆ" ಎಂದು ಎದ್ದು ಬರುತ್ತಿದ್ದರು. ಬೇರೆ ಯಾವ ಕರೆಗೂ ಅವರ ಮುಖ ಹಾಗೆ ಅರಳಿದ್ದನ್ನು ನಾನು ಕಾಣೆ. ಕೆಲಸದ ಮೇಲಿನ ಪ್ರೀತಿ ಎಂದುಕೊಂಡಿದ್ದೆ.

ಅವರು ನನಗೆ ಕಲಿಸಿದ್ದರಲ್ಲಿ ನನಗೆ ತುಂಬ ಹಿಡಿಸಿದ್ದು ಪೋರ್ಟನ್ನು ಕರೆಯುವ ವಿದ್ಯೆ. ಹಿಂದೆ ತಂತಿಗಳ ಗೋಜಲು, ಯಾವುದು ಯಾವ ಪೋರ್ಟೆಂದು ಗೊತ್ತಾಗದು. ಆಗ ಕೀಲಿಮಣೆಯಲ್ಲಿ ಒಂದು ಆಜ್ಞೆ ಕೊಟ್ಟು ಮುಂದೆ ಹೆಸರು ಬರೆದರೆ ಸಾಕು, ಆ ಪೋರ್ಟಿನ ಪಕ್ಕದ ಪುಟ್ಟ ದೀಪ ಮಿನುಗತೊಡಗುತ್ತದೆ. ಸಾಕು ಎನ್ನುವವರೆಗೆ ನಿಲ್ಲುವುದಿಲ್ಲ. "ಹೆಸರು ಹಿಡಿದು ಕರದ್ರ ಇಲ್ಲಿದ್ದೀನಿ ಅಂತೈತಿ ನೋಡು" ಎನ್ನುತ್ತಿದ್ದರು. ಇನ್ನೊಂದನ್ನೂ ತೋರಿಸಿದ್ದರು. ಪೋರ್ಟಿನ ಹೆಸರು ಬದಲಾದರೆ ಯಂತ್ರ ಏಳುವಾಗ ಪರದೆಯ ಮೇಲೆ ಒಂದು ಸಾಲು ಹಾದುಹೋಗುತ್ತದೆ: ಇದರ ಹೆಸರು ಈಗ ಇದು, ಮೊದಲು ಇದ್ದದ್ದು ಅದು. ಅವರು ಆ ಸಾಲಿನ ಮೇಲೆ ಬೆರಳಿಟ್ಟು, "ಯಂತ್ರಕ್ಕಿರೋ ಮರ್ಯಾದಿ ನೋಡಮ್ಮ. ಹೆಸರು ಬದ್ಲಿ ಮಾಡಿದ್ರೂ ಹಿಂದಿಂದು ಮುಚ್ಚಿಡಂಗಿಲ್ಲ" ಎಂದರು. ಚೆನ್ನಾಗಿ ಮಾತಾಡುತ್ತಾರೆ ಎಂದು ನಾನು ಮೆಚ್ಚಿದೆನೇ ಹೊರತು ಅದರಾಚೆಗೆ ಯೋಚಿಸಲಿಲ್ಲ.

ಗೊತ್ತಾದದ್ದು ನನ್ನ ಊರಿನ ಕಡೆ. ನೆಂಟರ ಮನೆಯ ನಾಮಕರಣಕ್ಕೆಂದು ಹೋದ ಹಳ್ಳಿ ಮೇಡಂ ಅವರ ತವರಾಗಿತ್ತು. ಊಟ ಮುಗಿಸಿ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ, ನಾನು ರಾಯದುರ್ಗದಲ್ಲಿರುವವಳೆಂದು ಕೇಳಿ ಒಬ್ಬ ಅಜ್ಜಿ ಹತ್ತಿರ ಬಂದು ಕೂತಳು. "ಅಲ್ಲಿ ನಮ್ಮೂರ ಹುಡುಗಿ ಅವ್ಳೆ ಕಣವ್ವ, ಕಂಪ್ಯೂಟ್ರು ಕೆಲಸ ಮಾಡ್ತಾಳಂತೆ. ನೋಡಿದ್ದೀಯಾ?" ಎಂದು ಒಂದು ಹೆಸರು ಹೇಳಿದಳು. ಅದು ನಮ್ಮ ನಾಲ್ಕನೆಯ ಊರಿನ ಹೆಸರು.

"ಅದು ಊರಲ್ವ ಅಜ್ಜಿ? ಮುಳುಗೋಗಿರೋ ಊರು?"

ಅಜ್ಜಿ ಬಾಯಿಯ ಎಲೆ ಚೆಲ್ಲುವಷ್ಟು ನಕ್ಕಳು. "ಊರೆಲ್ಲಿದ್ದೀತವ್ವ! ಕುರಿಯಪ್ಪನ ಸಣ್ಣ ಮಗಳು. ದೊಡ್ಡೋಳು ಬಾಣಂತನದಾಗೆ ಹೋದ್ಲಲ್ಲ, ಅವ್ಳ ಜಾಗಕ್ಕೆ ಇವ್ಳನ್ನ ಕೊಟ್ರು. ಅಲ್ಲೀಗ ಅಕ್ಕನ ಹೆಸರಲ್ಲೇ ಕರೀತಾರಂತೆ. ನಮ್ ಬಾಯಿಗೆ ಮಾತ್ರ ಹಳೇದೇ ಬತ್ತದೆ."

ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಬಳೆಗಳು ನೆನಪಾದವು. ಅಳತೆ ಕೊಟ್ಟೇ ಮಾಡಿಸಿದ್ದವು. ಅಳತೆ ಅಕ್ಕನದು.

ಮರುದಿನ ಕಾಲೇಜಿಗೆ ಹೋದಾಗ ಮೇಡಂ ನನಗೆ ಬೆನ್ನು ಹಾಕಿ ಸರ್ವರಿನ ಹಿಂದೆ ಬಗ್ಗಿದ್ದರು. ನನಗೇನೋ ಉಕ್ಕಿ ಬಂತು, ಪ್ರೀತಿಯೋ ಸಂಕಟವೋ. ಬಾಗಿಲಲ್ಲೇ ನಿಂತು ಅವರನ್ನು ಅವರ ಹೆಸರಿನಿಂದ ಕರೆದೆ. ಅಟೆಂಡರಿನ ಹಾಗಲ್ಲ, ಮನುಷ್ಯರನ್ನು ಕರೆಯುವ ಹಾಗೆ.

ತಂತಿಗಳ ನಡುವೆ ಅವರ ಕೈ ನಿಂತಿತು. ಅವರು ತಿರುಗಲಿಲ್ಲ. ಮಾತಾಡಿದಾಗ ಅದು ರಾಯದುರ್ಗದ ಮಾತಾಗಿರಲಿಲ್ಲ, ನಮ್ಮ ಮಡಕಶಿರದ ಮಾತು.

"ಯಾರೇ ಹೇಳಿದ್ದು ನಿಂಗೆ?"

ಹೇಳಿದೆ. ಅವರು ಅಲ್ಲೇ ನೆಲದ ಮೇಲೆ ಕೂತರು, ನಾನೂ ಕೂತೆ. ಇಂಟರ್, ಅಂದರೆ ಹನ್ನೆರಡನೆಯ ಕ್ಲಾಸು, ಮುಗಿಸಿ ಅವರು ಡಿಗ್ರಿಗೆ ಸೇರಬೇಕಿದ್ದ ವರ್ಷ ಅದು. ಅಕ್ಕ ಹೋದಳು, ಕೈಗೂಸು ಉಳಿಯಿತು. ಮಗು ಬೇರೆಯವರ ಕೈಗೆ ಬೀಳಬಾರದೆಂದು ಎರಡು ಮನೆಯವರೂ ಕೂತು ಮಾತಾಡಿದರು. ಅದಕ್ಕೆ ಇವರೂ ಒಪ್ಪಿದ್ದರು. ಮಗುವನ್ನು ಎತ್ತಿಕೊಂಡ ಮೇಲೆ ಇಳಿಸಲು ಮನಸ್ಸು ಬರಲಿಲ್ಲವಂತೆ.

"ಮದ್ವೆಗೆ ನಾನು ಬ್ಯಾಡ ಅನ್ನಲಿಲ್ಲ ಕಣೆ. ಹೆಸರಿನ ಮಾತು ಆಮ್ಯಾಗೆ ಬಂತು. ಕೂಸಿನ ಜನನ ಪತ್ರದಾಗೆ ತಾಯಿ ಹೆಸರು ಅಕ್ಕಂದು ಇತ್ತು. ನಾಳೆ ಸ್ಕೂಲಿಗೆ ಸೇರಿಸುವಾಗ, ಪ್ರತಿ ಆಫೀಸಿನಾಗೂ, ತಾಯಿ ಸತ್ತೋಗವ್ಳೆ, ಇವ್ಳು ಬ್ಯಾರೆ ಅಂತ ಹೇಳ್ತಾ ಇರಬೇಕು. ಮಗೀಗೆ ಅದು ಬ್ಯಾಡ ಅಂದ್ರು. ಪತ್ರದಾಗೆ ತಿದ್ದಿಸೋಕೆ ಕೋರ್ಟು ಕಚೇರಿ ಅಲೀಬೇಕು. ನಿನ್ನ ಹೆಸರು ಬದಲಿಸೋದು ಸುಲಭ, ಗೆಜೆಟ್‌ನಾಗೆ ಹಾಕಿದ್ರೆ ಆಯ್ತು ಅಂದ್ರು."

ಪತ್ರವನ್ನು ತಿದ್ದುವುದಕ್ಕಿಂತ ಹೆಂಗಸನ್ನು ತಿದ್ದುವುದು ಸುಲಭವಾಯಿತು. ನನಗೆ ಮೈ ಉರಿಯಿತು. ಆದರೆ ಯಾರನ್ನು ಬೈಯುವುದು? ಅತ್ತೆ ಇವರನ್ನು ಮಗಳಂತೆ ನೋಡಿಕೊಂಡಿದ್ದರು. ಗಂಡ ಓದಿಸಿದ್ದರು, ಕೆಲಸಕ್ಕೆ ಕಳುಹಿಸಿದ್ದರು. ಮಗ ರಾಯದುರ್ಗದಲ್ಲೇ ಜೀನ್ಸ್ ಹೊಲಿಸುವ ಘಟಕ ಇಟ್ಟಿದ್ದಾನೆ, ಅಮ್ಮ ಎಂದರೆ ಪ್ರಾಣ. ಒಬ್ಬರೂ ಕೆಟ್ಟವರಿಲ್ಲ. ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ನನ್ನ ಎದೆ ಅಷ್ಟು ಭಾರವಾಗುತ್ತಿರಲಿಲ್ಲ.

"ಮಗನಿಗೆ ಗೊತ್ತಾ ಮೇಡಂ?"

"ಊರಿಗೆಲ್ಲ ಗೊತ್ತಿರೋದು ಅವ್ನಿಗೆ ಗೊತ್ತಿರಲ್ವಾ? ಗೊತ್ತಿರ್ಬೋದು. ಅವ್ನೂ ಕೇಳಿಲ್ಲ, ನಾನೂ ಹೇಳಿಲ್ಲ." ಆಮೇಲೆ ನನ್ನ ಕೈ ಹಿಡಿದುಕೊಂಡರು. "ನೀನು ಮಾತ್ರ ಕರೀಬ್ಯಾಡ ಕಣೆ. ಇವ್ರೆಲ್ಲ ದಿನಾ ಕರೀತಾರೆ, ಊರು ಅನ್ಕೊಂಡು ಕರೀತಾರೆ, ಕೇಳೋಕೆ ನಂಗೆ ಚೆಂದ. ನೀನು ಗೊತ್ತಿದ್ದು ಕರೆದ್ರೆ ನನ್ನ ಕೈಲಿ ತಡಿಯೋಕಾಗಲ್ಲ."

ಆಯಿತು ಎಂದೆ. ಅಷ್ಟರಲ್ಲಿ ಅಟೆಂಡರು ಬಾಗಿಲಿಗೆ ಬಂದು, ನೇಮಕಲ್ಲು ನಿಧಾನವಾಗಿದೆಯೆಂದು ಹಾಸ್ಟೆಲಿನವರು ಹೇಳುತ್ತಿದ್ದಾರೆ ಎಂದ. ಮೇಡಂ ಕಣ್ಣೊರೆಸಿಕೊಂಡು, "ನೇಮಕಲ್ಲು ಯಾವತ್ತು ಜೋರಾಗಿತ್ರಿ?" ಎಂದರು. ಮಾತು ಮತ್ತೆ ರಾಯದುರ್ಗಕ್ಕೆ ಬಂದಿತ್ತು.

ಅವರು ಸೊರಗತೊಡಗಿದ್ದು ಅದಾದ ಎರಡು ವರ್ಷಕ್ಕಿರಬೇಕು. ಬಳೆಗಳಿಗೆ ಸುತ್ತುವ ಪಟ್ಟಿ ಒಂದಿದ್ದದ್ದು ಎರಡಾಯಿತು. ಹೊಟ್ಟೆನೋವು ಎನ್ನುತ್ತಿದ್ದರು, ಗ್ಯಾಸು ಎನ್ನುತ್ತಿದ್ದರು. ಬಳ್ಳಾರಿಯಲ್ಲಿ ತೋರಿಸುವ ಹೊತ್ತಿಗೆ ಗಡ್ಡೆ ದೊಡ್ಡದಾಗಿತ್ತು. ಬಿಡುವಾದಾಗಲೆಲ್ಲ ನಾನು ಬಸ್ಸು ಹತ್ತಿ ಹೋಗುತ್ತಿದ್ದೆ. ಆಸ್ಪತ್ರೆಯ ವರಾಂಡದಲ್ಲಿ ನರ್ಸು ಅವರ ಅಕ್ಕನ ಹೆಸರನ್ನು ಕೂಗುತ್ತಿದ್ದಳು, ಇವರು ಗೋಡೆ ಹಿಡಿದು ಎದ್ದು ನಿಲ್ಲುತ್ತಿದ್ದರು. ರೋಗ ಇವರದು, ಚೀಟಿ ಅಕ್ಕನದು. ನಾನು ಫೈಲು ಹಿಡಿದುಕೊಂಡು ಹಿಂದೆ ಹೋಗುತ್ತಿದ್ದೆ. ಅದರ ಹೊರತು ನನ್ನಿಂದ ಆಗುವುದೇನೂ ಇರಲಿಲ್ಲ.

ಕೊನೆಗೆ ಅವರು ಕಣ್ಣು ಬಿಡುವುದನ್ನು ನಿಲ್ಲಿಸಿದರು. ಡಾಕ್ಟರು ಬಂದು ನೋಡಿ, "ಹೆಸರು ಹಿಡಿದು ಗಟ್ಟಿಯಾಗಿ ಕರೀರಿ, ಕೆಲವೊಮ್ಮೆ ಓಗೊಡ್ತಾರ" ಎಂದರು. ಮಗ ಕಿವಿಯ ಹತ್ತಿರ ಬಾಗಿ ಅಮ್ಮಾ ಎಂದು ಕರೆದ. ರೆಪ್ಪೆ ಅಲುಗಲಿಲ್ಲ. ನರ್ಸು ಚೀಟಿ ನೋಡಿ ಅಕ್ಕನ ಹೆಸರು ಕರೆದಳು. ಮಗನೂ ಹಾಗೆಯೇ ಹೆಸರು ಹಿಡಿದು ಕರೆದ, ಜೀವನದಲ್ಲಿ ಮೊದಲ ಸಲ ತಾಯಿಯನ್ನು ಹೆಸರಿನಿಂದ ಕರೆಯುವ ಸಂಕೋಚದಲ್ಲಿ. ಏನೂ ಆಗಲಿಲ್ಲ.

ಮಂಚದ ಆ ಕಡೆ ಅವರ ಗಂಡ ನಿಂತಿದ್ದರು, ಈ ಕಡೆ ನಾನು. ಇನ್ನೊಂದು ಹೆಸರು ಖಚಿತವಾಗಿ ಗೊತ್ತಿದ್ದವರು ಅಲ್ಲಿ ನಾವಿಬ್ಬರೇ. ನನಗೆ ಗೊತ್ತಿದೆ ಎಂಬುದು ಅವರಿಗೆ ಹೇಗೋ ಗೊತ್ತಿತ್ತು, ನನ್ನನ್ನು ನೋಡಿದ ನೋಟದಲ್ಲೇ ಅದು ತಿಳಿಯಿತು. ಗಂಡನ ತುಟಿ ಅಲುಗಿತು. ಮಗನ ಮುಖ ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋಗಿಬಿಟ್ಟರು. ನನ್ನ ನಾಲಿಗೆಯ ತುದಿಗೂ ಬಂದಿತ್ತು. ಆ ಹುಡುಗನ ಎದುರಿಗೆ, ಅವನು ಅಮ್ಮನ ಕೈ ಹಿಡಿದು ಕೂತಿರುವಾಗ, ಅವನು ಕೇಳದೇ ಇದ್ದದ್ದನ್ನು ಹೇಗೆ ಹೇಳಲಿ? ಮೇಡಂ ಅವರೇ ಬೇಡ ಎಂದದ್ದನ್ನು ಹೇಗೆ ಮಾಡಲಿ? ನಾನು ಅವರ ಪಾದ ನೀವುತ್ತ ನಿಂತೆ. ಮಾರನೆಯ ಬೆಳಗ್ಗೆ ಹೋದರು.

ಮನೆಗೆ ತಂದು ಮುತ್ತೈದೆಯ ಅಲಂಕಾರ ಮಾಡಿದರು. ಚಿನ್ನದ ಬಳೆ ತೆಗೆಯಲು ಯಾರೋ ಸೋಪಿನ ನೀರು ತಂದಿದ್ದರು. ಬೇಕಾಗಲಿಲ್ಲ, ಕೈ ಕೆಳಗೆ ಬಾಗಿಸುತ್ತಲೇ ತಾವಾಗಿ ಕಳಚಿ ಬಂದವು. ಬೀದಿಯ ತುದಿಯಲ್ಲಿ ಕಟ್ಟಿದ ಫ್ಲೆಕ್ಸಿನಲ್ಲಿ ಮೇಡಂ ಅವರ ಫೋಟೋ, ಕೆಳಗೆ ದೊಡ್ಡ ಅಕ್ಷರದಲ್ಲಿ ಅಕ್ಕನ ಹೆಸರು. ಅಕ್ಕ ಎರಡನೆಯ ಸಲ ಸತ್ತಳು. ಇವರು ಸತ್ತದ್ದು ಎಲ್ಲೂ ಬರಲಿಲ್ಲ.

ಆಮೇಲೂ ಕೆಲವು ತಿಂಗಳು ಅಟೆಂಡರು ಬಾಗಿಲಿಗೆ ಬಂದು ನಾಲ್ಕನೆಯ ಊರಿನ ಹೆಸರು ಕೂಗಿ, ಬಿದ್ದಿದೆ ಎನ್ನುತ್ತಿದ್ದ. "ಬಂದೆ" ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಸುಮ್ಮನೆ ಎದ್ದು ಹೋಗಿ ಸರಿಮಾಡುತ್ತಿದ್ದೆ.

ಈ ವರ್ಷ ಕಾಲೇಜಿನವರು ಎಲ್ಲ ಬದಲಾಯಿಸಿದರು. ಗುತ್ತಿಗೆಯ ಕಂಪನಿಯೊಂದು ಬೀಗ ಹಾಕಿದ ಪೆಟ್ಟಿಗೆಯಂಥ ಯಂತ್ರ ತಂದು ಕೂರಿಸಿತು. ಅದರ ಪೋರ್ಟುಗಳಿಗೆ ಒಂದು, ಎರಡು, ಮೂರು ಎಂದು ಜಾಗದ ಲೆಕ್ಕದ ಹೆಸರು, ನಾವು ಮುಟ್ಟುವಂತಿಲ್ಲ. ಹಳೆಯದನ್ನು ಲ್ಯಾಬಿನಲ್ಲಾದರೂ ಇಟ್ಟುಕೊಳ್ಳುತ್ತೇನೆ ಎಂದು ಪ್ರಿನ್ಸಿಪಾಲರನ್ನು ಕೇಳಿದೆ. "ಮುದಿ ಯಂತ್ರ ಅಮ್ಮ ಅದು, ಕರೆಂಟು ಕುಡೀತದೆ. ಅದರ ಮೇಲೆ ಯಾಕೆ ಅಷ್ಟು ಪ್ರೀತಿ?" ಎಂದರು.

ಗುಜರಿಗೆ ಒಯ್ಯಲು ಬಂದವನು ಬಾಗಿಲಲ್ಲಿ ನಿಂತಿದ್ದ. ಎಲ್ಲ ತಂತಿಗಳನ್ನೂ ಆಗಲೇ ಕಿತ್ತಿದ್ದರು. ಒಂದು ನಿಮಿಷ ಎಂದು ನಾನು ಕೀಲಿಮಣೆಯ ಮುಂದೆ ಕೂತು ಆ ಆಜ್ಞೆ ಬರೆದು, ಮುಂದೆ ಅವರ ಹೆಸರು ಬರೆದೆ. ಬಾಯಲ್ಲಿ ಕರೆಯಬೇಡ ಎಂದಿದ್ದರು, ಬೆರಳಲ್ಲಿ ಬೇಡ ಎಂದಿರಲಿಲ್ಲ. ಎದ್ದು ಹಿಂದಕ್ಕೆ ಹೋಗಿ ನೋಡಿದೆ. ತಂತಿಯಿಲ್ಲದ ಖಾಲಿ ಪೋರ್ಟಿನ ಪಕ್ಕದಲ್ಲಿ ಪುಟ್ಟ ದೀಪ ಮಿನುಗುತ್ತಿತ್ತು. ಇಲ್ಲಿದ್ದೀನಿ, ಇಲ್ಲಿದ್ದೀನಿ ಎನ್ನುತ್ತಿತ್ತು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

"ತೆಗೀಲೇನ್ರಿ ಮೇಡಂ?" ಎಂದ ಗುಜರಿಯವನು.

"ತೆಗೀರಿ" ಎಂದೆ. ದೀಪ ಮಿನುಗುತ್ತಿರುವಾಗಲೇ ಅವನು ಕರೆಂಟಿನ ವೈರು ಎಳೆದ.

ಆ ಒಂದು ಕಾರ್ಡನ್ನು ಮಾತ್ರ ಬಿಚ್ಚಿ ಕೊಡು ಎಂದು ಕೇಳಿ ಇಸಿದುಕೊಂಡೆ. ಈಗ ಅದು ನನ್ನ ಮೇಜಿನ ಖಾನೆಯಲ್ಲಿದೆ. ಅದರ ಮೇಲೆ ಒಂದು ಸಂಖ್ಯೆ ಇದೆ, ಹೆಸರಿಲ್ಲ. ಹೆಸರು ಕಾರ್ಡಿನಲ್ಲಿ ಇರುವುದಿಲ್ಲ, ಅದನ್ನು ಕರೆಯುವ ಯಂತ್ರದಲ್ಲಿ ಇರುತ್ತದೆ, ಆ ಯಂತ್ರ ಹೋಯಿತು. ಈ ಸಂಖ್ಯೆಗೆ ಯಾವ ಹೆಸರು ಎಂದು ಬಲ್ಲವಳು ರಾಯದುರ್ಗದ ನಮ್ಮ ಕಾಲೇಜಿನಲ್ಲಿ ನಾನೊಬ್ಬಳೇ. ಅವರ ಬಗ್ಗೆ ಇಷ್ಟೆಲ್ಲ ಬರೆದೂ ಅದನ್ನು ಇಲ್ಲಿ ಬರೆಯಲಾರೆ. ಕರೆಯಬೇಡ ಎಂದಿದ್ದಾರೆ.